ಹೊಸ ಉಪಾಧ್ಯಾಯನ ನಂಬುಗೆ

ಬೇಸಗೆಯ ರಜವು ಮುಗಿದು ಶಾಲೆಗಳ ಬಾಗಿಲು ತೆರೆಯುವ ದಿನಗಳಲ್ಲಿ, ಕೈಯಲ್ಲಿ ನೇಮಕದ ಆಜ್ಞಾಪತ್ರವನ್ನೂ ಮನಸ್ಸಿನಲ್ಲಿ ನೂರು ಸಂಕಲ್ಪಗಳನ್ನೂ ಹೊತ್ತು, ಹಿಂದೆಂದೂ ಕಾಣದ ಹಳ್ಳಿಗೆ ಹೋಗಿ ಇಳಿಯುವ ತರುಣ ಉಪಾಧ್ಯಾಯರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ನಮ್ಮ ವಾಚಕರ ಮನೆಗಳಲ್ಲಿಯೂ ಅಂತಹ ಮಗನೋ ಮಗಳೋ ಸೊಸೆಯೋ ಇರಬಹುದು. ಆ ಸಂಕಲ್ಪಗಳಲ್ಲಿ ಯಾವುವು ನಿಲ್ಲತಕ್ಕವು, ಯಾವುವು ಬಿಡತಕ್ಕವು ಎಂಬುದನ್ನು, ಬಸವಕಲ್ಯಾಣದ ಸೀಮೆಯ ಗೋರ್ಟಾ (ಬಿ) ಎಂಬ ಹಳ್ಳಿಯನ್ನು ಕಣ್ಣ ಮುಂದಿರಿಸಿಕೊಂಡು ವಿಚಾರ ಮಾಡೋಣ.

ಗುಜರಾತಿನ ಗಿಜುಭಾಯಿ ಬಧೇಕಾ ಎಂಬ ಶಿಕ್ಷಣತಜ್ಞರು 1932ರಲ್ಲಿ 'ದಿವಾಸ್ವಪ್ನ'ವೆಂಬ ಪುಸ್ತಕವನ್ನು ಬರೆದರು. ಅದರ ನಾಯಕನಾದ ಹೊಸ ಉಪಾಧ್ಯಾಯನು ಮನೆಯಲ್ಲಿ ಬಹಳ ಸಿದ್ಧತೆ ಮಾಡಿಕೊಂಡು ತರಗತಿಗೆ ಹೋಗುತ್ತಾನೆ. ಮೊದಲನೆಯ ದಿನವೇ ಹುಡುಗರ ಗದ್ದಲದಲ್ಲಿ ಅವನ ಯೋಜನೆಯೆಲ್ಲ ಮಣ್ಣುಗೂಡುತ್ತದೆ. ಆದರೆ ಅವನು ಹುಡುಗರನ್ನು ದೂರದೆ, ತನ್ನ ಮಾರ್ಗವನ್ನೇ ಬದಲಿಸಿ, ಕಥೆ ಹೇಳಲು ತೊಡಗುತ್ತಾನೆ. ಹೊಸಬನು ಮೊದಲು ಕಲಿಯತಕ್ಕ ಪಾಠವಿದು: ಮಗುವಿಗೆ ಪಾಠವು ಹತ್ತದಿದ್ದರೆ ತಪ್ಪನ್ನು ಮೊದಲು ಪಾಠದಲ್ಲಿ ಹುಡುಕಬೇಕು, ಆಮೇಲೆ ಮಗುವಿನಲ್ಲಿ.

ಬೀದರ ಸೀಮೆಯಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವುಂಟು. ಇಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಒಂದೇ ಜೋಳದ ರೊಟ್ಟಿಯು ಒಬ್ಬ ಹುಡುಗನ ಮನೆಯಲ್ಲಿ ಭಾಕರಿ, ಮತ್ತೊಬ್ಬಳ ತಾಂಡಾದಲ್ಲಿ ಬಾಟಿ. ಊರಿನ ಹೆಸರಿನ ಬೆನ್ನಿಗಿರುವ 'ಬಿ' ಎಂಬ ಅಕ್ಷರವೂ, ಹಿರಿದು ಎಂಬರ್ಥದ ಬುಜುರ್ಗ್ ಎಂಬ ಪಾರಸಿ ಮಾತಿನ ಗುರುತು. ಇಂತಹ ಕಡೆ ಮನೆಯ ಮಾತೊಂದು, ಪುಸ್ತಕದ ಮಾತೊಂದು ಆಗಿರುವ ಮಗುವು ಮೊದಲ ತಿಂಗಳುಗಳಲ್ಲಿ ಬಾಯಿ ಬಿಡದೆ ಕುಳಿತರೆ ಅದನ್ನು ಮಂದಬುದ್ಧಿಯೆಂದೆಣಿಸುವುದು ಬಹಳ ಸುಲಭ, ಮತ್ತು ಬಹಳ ಅನ್ಯಾಯ.

ಈ ಅನ್ಯಾಯವನ್ನು ಕನ್ನಡಿಗರೇ ಉಂಡವರು. ನಿಜಾಮರ ಸಂಸ್ಥಾನದಲ್ಲಿ ಉರ್ದುವೇ ಆಡಳಿತದ ಮತ್ತು ವಿದ್ಯೆಯ ಭಾಷೆಯಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನವೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಆ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಶ್ರೀ ಚನ್ನಬಸವ ಪಟ್ಟದ್ದೇವರು 1936ರಲ್ಲಿ ಕಮಲನಗರದಲ್ಲಿ ಶಾಲೆಯನ್ನು ತೆರೆದು, ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಈ ಸೀಮೆಯವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಮಗುವಿಗೆ ಅದರ ತಾಯ್ನುಡಿಯಲ್ಲಿ ಅಕ್ಷರ ದೊರೆಯಬೇಕೆಂಬುದೇ ಆ ಹಿರಿಯರ ನಂಬುಗೆಯಾಗಿತ್ತು. ಹಾಗಾದರೆ ನಾವು ಕೇಳುವ ಪ್ರಶ್ನೆಯಿದು: ಅಂದು ನಮ್ಮ ಮಕ್ಕಳಿಗೆ ಆದುದನ್ನು ಇಂದು ನಾವು ತಾಂಡಾದ ಮಗುವಿಗೆ ಮಾಡಬಹುದೆ? ಕನ್ನಡವನ್ನು ಚೆನ್ನಾಗಿ ಕಲಿಸತಕ್ಕದ್ದೇ ಸರಿ. ಆದರೆ ಮಗುವಿನ ಮನೆಮಾತನ್ನು ನಕ್ಕು ಕಲಿಸತಕ್ಕದ್ದಲ್ಲ. ಉಪಾಧ್ಯಾಯನು ಮೊದಲ ವಾರದಲ್ಲಿ ಆ ಮಗುವಿನಿಂದಲೇ ಇಪ್ಪತ್ತು ಮಾತುಗಳನ್ನು ಕಲಿಯಲಿ. ಗುರುವಿಗೆ ತಾನು ಕಲಿಸಿದೆನೆಂಬ ಹೆಮ್ಮೆಯುಳ್ಳ ಮಗುವು ಗುರುವಿನಿಂದ ಕಲಿಯಲು ಹಿಂಜರಿಯುವುದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ 'ನಲಿಕಲಿ' ಪದ್ಧತಿಯಲ್ಲಿಯೂ ಪ್ರತಿಯೊಂದು ಮಗುವು ತನ್ನ ಹೆಜ್ಜೆಗೆ ತಕ್ಕಂತೆ ಏರಿಹೋಗಲೆಂಬ ಭಾವನೆಯೇ ಮುಖ್ಯವಾದುದು.

ಎರಡನೆಯ ನಂಬುಗೆಯು ಹಾಜರಿಯ ಪುಸ್ತಕಕ್ಕೆ ಸಂಬಂಧಿಸಿದ್ದು. ಈ ಸೀಮೆಯ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದೊಡನೆ ಕಬ್ಬು ಕಡಿಯಲೆಂದೋ ಕಟ್ಟಡದ ಕೂಲಿಗೆಂದೋ ಪುಣೆ, ಮುಂಬಯಿ, ಹೈದರಾಬಾದುಗಳ ಕಡೆಗೆ ಹೊರಡುತ್ತವೆ. ಮಕ್ಕಳೂ ಹಿಂದೆಯೇ ಹೋಗುತ್ತವೆ. ತಿಂಗಳುಗಳ ಮೇಲೆ ಹಿಂದಿರುಗಿ ಬಾಗಿಲಲ್ಲಿ ಅಳುಕುತ್ತ ನಿಂತ ಹುಡುಗನಿಗೆ "ಇಷ್ಟು ದಿನ ಎಲ್ಲಿ ಸತ್ತಿದ್ದೆ?" ಎಂಬ ಸ್ವಾಗತವು ದೊರೆತರೆ ಅವನು ಮರುದಿನ ಬರುವುದಿಲ್ಲ. "ಬಾರಪ್ಪ, ನಿನ್ನ ಜಾಗ ಹಾಗೆಯೇ ಇದೆ" ಎಂಬ ಒಂದು ಮಾತು ಅವನ ವಿದ್ಯೆಯನ್ನು ಉಳಿಸಬಲ್ಲುದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ವಿಧಿಯು ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸನ್ನು ನೋಯಿಸುವುದನ್ನೂ ನಿಷೇಧಿಸಿದೆ. ಆದರೆ ನಾಲಗೆಯ ಬೆತ್ತವನ್ನು ಕಾಯಿದೆಗಿಂತ ಮೊದಲು ಮನಸ್ಸಾಕ್ಷಿಯೇ ತಡೆಯಬೇಕು. 2002ರಲ್ಲಿ ಬೀದರವೇ ಮೊದಲಾದ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾದ ಮಧ್ಯಾಹ್ನದ ಊಟದ ಯೋಜನೆಗೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟುದು ಎಷ್ಟು ಉಚಿತ! ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಿಗೆ ದಾಸೋಹವು ಭಿಕ್ಷೆಯಾಗಿರಲಿಲ್ಲ. ಅನ್ನವನ್ನಾಗಲಿ ಅಕ್ಷರವನ್ನಾಗಲಿ ಬಡಿಸುವಾಗ ಕೈ ಮೇಲಿದೆಯೆಂಬ ಗರ್ವವು ಉಪಾಧ್ಯಾಯನಿಗೆ ಇರಬಾರದು.

ಮೂರನೆಯದು ಎಲ್ಲಕ್ಕಿಂತ ಕಠಿನವಾದುದು. 1948ರ ಮೇ ತಿಂಗಳಲ್ಲಿ ಗೋರ್ಟಾದ ಮೇಲೆ ರಜಾಕಾರರು ಎರಗಿ ಘೋರವಾದ ಹತ್ಯಾಕಾಂಡವನ್ನು ನಡೆಸಿದರು. ಇನ್ನೂರಕ್ಕೂ ಮಿಕ್ಕಿ ಜನರು ಮಡಿದರೆಂದು ಹೇಳುತ್ತಾರೆ. 2023ರ ಮಾರ್ಚ್ 26ರಂದು ಅಲ್ಲಿ ಹುತಾತ್ಮರ ಸ್ಮಾರಕವೂ 103 ಅಡಿ ಎತ್ತರದ ಧ್ವಜವೂ ಉದ್ಘಾಟಿತವಾದವು. ಆ ಊರಿನ ಮಗುವು "ಗುರುಗಳೇ, ಇಲ್ಲಿ ಏನಾಯಿತು?" ಎಂದು ಕೇಳಿಯೇ ಕೇಳುತ್ತದೆ. ಆಗ ಉಪಾಧ್ಯಾಯನು ಮೌನ ತಾಳಿದರೆ ಮಡಿದವರಿಗೆ ದ್ರೋಹ. ದ್ವೇಷವನ್ನು ಬಿತ್ತಿದರೆ ಎದುರಿಗೆ ಕುಳಿತ ಮಕ್ಕಳಿಗೆ ದ್ರೋಹ. ಏಕೆಂದರೆ ಅದೇ ಬೆಂಚಿನ ಮೇಲೆ ಮುಸಲ್ಮಾನರ ಮಗುವೂ ಕುಳಿತಿರಬಹುದು. ಅದು ಹುಟ್ಟುವ ಎಷ್ಟೋ ವರ್ಷಗಳ ಹಿಂದೆ ನಡೆದ ಪಾತಕಕ್ಕೆ ಅದನ್ನು ಯಾರೂ ಹೊಣೆಮಾಡಲಾಗದು.

ಸತ್ಯವನ್ನು ಪೂರ್ತಿಯಾಗಿ ಹೇಳುವುದೊಂದೇ ಇಲ್ಲಿ ದಾರಿ. ರಜಾಕಾರರ ಕ್ರೌರ್ಯವನ್ನು ಹೇಳಲಿ. ಅದೇ ವರ್ಷದ ಸೆಪ್ಟೆಂಬರದಲ್ಲಿ ಸಂಸ್ಥಾನವು ವಿಮೋಚನೆಗೊಂಡುದನ್ನೂ ಹೇಳಲಿ. ಆ ಮೇಲೆ ಬೀದರವೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರು ಬಹು ಸಂಖ್ಯೆಯಲ್ಲಿ ಹತರಾದರೆಂದು ಪಂಡಿತ ಸುಂದರಲಾಲರ ಸಮಿತಿಯು ವರದಿಮಾಡಿದುದನ್ನೂ, ಮುಸಲ್ಮಾನ ನೇಕಾರರನ್ನು ಕಾಪಾಡಲು ಹಿಂದೂ ನೇಕಾರರು ಪ್ರಾಣವನ್ನೇ ಒಡ್ಡಿದರೆಂದು ಅದೇ ವರದಿಯು ಹೇಳಿರುವುದನ್ನೂ ಮುಚ್ಚಿಡದಿರಲಿ. ಎಳೆಯರಿಗೆ ಕಾಪಾಡಿದವರ ಕಥೆಯೇ ಸಾಕು. ಉಳಿದುದಕ್ಕೆ ಮೇಲಿನ ತರಗತಿಯಲ್ಲಿ ಕಾಲ ಬರುತ್ತದೆ. ಪಾಠವು ಮುಗಿದಾಗ ಎರಡೂ ಮನೆಗಳ ಮಕ್ಕಳು ಜೊತೆಯಾಗಿಯೇ ಆಟದ ಬಯಲಿಗೆ ಹೋಗುವಂತಿದ್ದರೆ ಆ ಉಪಾಧ್ಯಾಯನು ಇತಿಹಾಸವನ್ನು ಸರಿಯಾಗಿ ಕಲಿಸಿದನೆಂದು ನಾವು ತಿಳಿಯುತ್ತೇವೆ.

ಇಷ್ಟೂ ಭಾರವನ್ನು ತರುಣನೊಬ್ಬನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಊರ ತಾಯಂದಿರು ಅವನನ್ನು ಮನೆಯವನೆಂದು ಕಾಣಲಿ. ಮಗುವಿನ ಕಷ್ಟವನ್ನು ಅವನಿಗೆ ತಿಳಿಸಲಿ. ಸಂಜೆ ಮನೆಗೆ ಬಂದ ಮಗುವನ್ನು "ಎಷ್ಟು ಅಂಕ ಬಂತು?" ಎಂದು ಕೇಳುವ ಬದಲು "ಇಂದು ಏನು ಕೇಳಿದೆ?" ಎಂದು ವಿಚಾರಿಸಲಿ. ಪ್ರಶ್ನೆ ಕೇಳಲು ಅಂಜದ ಮಗು, ಉತ್ತರ ತಿಳಿಯದಾಗ ಒಪ್ಪಿಕೊಳ್ಳಲು ನಾಚದ ಗುರು, ಇವರಿಬ್ಬರೂ ಇರುವಲ್ಲಿ ಗೋಡೆಗಳು ಸೋರುತ್ತಿದ್ದರೂ ಅದು ಶಾಲೆಯೇ ಸರಿ.