ತಿರುವಿನಲ್ಲಿ ಬೈಕ್ ಯಾಕೆ ಜಾರುತ್ತೆ? ಸಣ್ಣದಾಗಿ ಬಿದ್ದಾಗಲೇ ತಿಳಿದುಕೊಳ್ಳಬೇಕಾದ ವಿಷಯ ಇದು

ತೀರ್ಥಹಳ್ಳಿ: ಪೇಟೆಗೆ ಹೋಗಿ ಬರುವಾಗ ತಿರುವಿನಲ್ಲಿ ಬೈಕ್ ಜಾರಿ, ಮೊಣಕೈ ತರಚಿಕೊಂಡು, ಇಂಡಿಕೇಟರ್ ಒಡೆದುಕೊಂಡು ಮನೆಗೆ ಬಂದವರು ಮಲೆನಾಡಿನ ಪ್ರತಿ ಊರಲ್ಲೂ ಇದ್ದಾರೆ. ಇಂಥವು ಪೊಲೀಸ್ ಠಾಣೆಗೆ ಹೋಗುವುದಿಲ್ಲ, ಪೇಪರಿನಲ್ಲೂ ಬರುವುದಿಲ್ಲ. "ಮರಳಿತ್ತು, ಜಾರ್ತು, ಏನೂ ಆಗಿಲ್ಲ ಬಿಡಿ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಎಂಟು ದಿನ ಬಿಟ್ಟು ಅದೇ ಗಾಡಿ ಅದೇ ತಿರುವಿಗೆ ಅದೇ ಸ್ಪೀಡಿನಲ್ಲಿ ಹೋಗುತ್ತದೆ. ಆ ಹೊತ್ತಿಗೆ ಎದುರಿನಿಂದ ಬಸ್ಸೋ ಲಾರಿಯೋ ಬಂದರೆ ತರಚು ಗಾಯಕ್ಕೆ ನಿಲ್ಲುವುದಿಲ್ಲ.

ಸಣ್ಣದಾಗಿ ಬಿದ್ದು ಎದ್ದು ಬಂದವರು ಒಂದು ವಿಷಯ ಗಮನಿಸಬೇಕು. ಜಾರಿದ್ದು ಮರಳಿನ ಮೇಲೆ ನಿಜ. ಆದರೆ ತಪ್ಪು ಆಗಿರುವುದು ಹೆಚ್ಚಿನ ಸಲ ಅದಕ್ಕೂ ಇಪ್ಪತ್ತು ಮೂವತ್ತು ಮೀಟರ್ ಹಿಂದೆ. ತಿರುವಿನ ಒಳಗೆ ಎಷ್ಟು ಸ್ಪೀಡಿನಲ್ಲಿ ಹೋದರು ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಟೈರಿನ ಹಿಡಿತಕ್ಕೂ ಲೆಕ್ಕ ಉಂಟು

ಬೈಕಿನ ಒಂದು ಟೈರು ರಸ್ತೆಗೆ ತಾಗುವುದು ಅಂಗೈಗಿಂತ ಕಡಿಮೆ ಜಾಗದಲ್ಲಿ. ಗಾಡಿ ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಅಷ್ಟೇ ಜಾಗದ ಹಿಡಿತದಿಂದ. ಅಂಗಡಿಯ ಗಲ್ಲಾದಲ್ಲಿರುವ ದುಡ್ಡಿನ ಹಾಗೆ ಈ ಹಿಡಿತಕ್ಕೂ ಒಂದು ಮಿತಿ ಇದೆ. ನೇರ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ಪೂರ್ತಿ ಹಿಡಿತ ಬ್ರೇಕಿಗೇ ಸಿಗುತ್ತದೆ. ಗಾಡಿ ವಾಲಿಸಿಕೊಂಡು ತಿರುಗುತ್ತಿರುವಾಗ ಅದರಲ್ಲಿ ದೊಡ್ಡ ಪಾಲು ತಿರುಗುವುದಕ್ಕೇ ಖರ್ಚಾಗಿರುತ್ತದೆ. ಆಗ ಗಾಬರಿಯಿಂದ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ, ಇಲ್ಲದ ದುಡ್ಡನ್ನು ಖರ್ಚು ಮಾಡಲು ಹೋದ ಹಾಗೆ. ಮುಂದಿನ ಚಕ್ರ ಜಾರುತ್ತದೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಾಡಿ ಮಲಗಿರುತ್ತದೆ.

ಸ್ಪೀಡಿನ ಲೆಕ್ಕ ಇನ್ನೂ ಮುಖ್ಯ. ಸ್ಪೀಡು ಹತ್ತು ಹೆಚ್ಚಾದರೆ ಬೇಕಾದ ಹಿಡಿತವೂ ಸ್ವಲ್ಪ ಹೆಚ್ಚಾಗುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಸ್ಪೀಡು ಎರಡು ಪಟ್ಟಾದರೆ ಅದೇ ತಿರುವಿಗೆ ನಾಲ್ಕು ಪಟ್ಟು ಹಿಡಿತ ಬೇಕು. ಗಂಟೆಗೆ 30 ಕಿ.ಮೀ. ಇದ್ದದ್ದು 40 ಆದರೆ ಸುಮಾರು ಮುಕ್ಕಾಲು ಪಾಲು ಹೆಚ್ಚು ಬೇಕಾಗುತ್ತದೆ. 20 ಮೀಟರ್ ತ್ರಿಜ್ಯದ ಒಂದು ತಿರುವು ಇದೆ ಎಂದಿಟ್ಟುಕೊಳ್ಳಿ. 20 ಕಿ.ಮೀ. ಸ್ಪೀಡಿನಲ್ಲಿ ಗಾಡಿ ಸುಮಾರು 9 ಡಿಗ್ರಿ ವಾಲಿದರೆ ಸಾಕು. 30ರಲ್ಲಿ ಸುಮಾರು 20 ಡಿಗ್ರಿ, 40ರಲ್ಲಿ ಸುಮಾರು 32 ಡಿಗ್ರಿ ವಾಲಬೇಕು. ಒಣ ಡಾಂಬರಿನಲ್ಲಿ ಒಳ್ಳೆಯ ಟೈರು ಇದನ್ನು ತಡೆದುಕೊಳ್ಳಬಹುದು. ಒದ್ದೆ ರಸ್ತೆ, ಸವೆದ ಟೈರು, ಹಿಂದೆ ಒಂದು ಅಕ್ಕಿ ಮೂಟೆ ಸೇರಿದರೆ ಕಷ್ಟ.

ಇಷ್ಟು ದಿನ ಅದೇ ತಿರುವಿನಲ್ಲಿ 40ರಲ್ಲಿ ಹೋಗಿ ಏನೂ ಆಗದೇ ಇದ್ದವರು ಒಂದು ದಿನ ಬೀಳುವುದು ಇದಕ್ಕೇ. ದಿನವೂ ಗಲ್ಲಾ ಖಾಲಿ ಆಗುವಷ್ಟು ಖರ್ಚು ಮಾಡುತ್ತಲೇ ಇದ್ದರು. ಮರಳು ಬಿದ್ದ ದಿನ ಅದು ಗೊತ್ತಾಯಿತು, ಅಷ್ಟೇ.

ನಮ್ಮ ರಸ್ತೆಗಳಲ್ಲಿ ಜಾರುವ ಜಾಗ ಯಾವುದು?

ಮೊದಲ ಮಳೆ ಬಿದ್ದ ದಿನ ಡಾಂಬರಿನ ಮೇಲೆ ಕೂತಿದ್ದ ಧೂಳು, ಎಣ್ಣೆ ನೀರಿನ ಜೊತೆ ಸೇರಿ ರಸ್ತೆ ಸಾಬೂನಿನ ಹಾಗಾಗುತ್ತದೆ. ಜೋರು ಮಳೆ ಬಂದು ತೊಳೆದುಹೋಗುವ ತನಕ ಅಪಾಯ ಹೆಚ್ಚು. ಮರದ ನೆರಳಿರುವ ತಿರುವಿನಲ್ಲಿ ಪಾಚಿ ಕಟ್ಟುತ್ತದೆ, ಉದುರಿದ ಎಲೆ ಕೊಳೆತಿರುತ್ತದೆ. ನಾಟಿ ಸಮಯದಲ್ಲಿ ಟಿಲ್ಲರ್, ಟ್ರ್ಯಾಕ್ಟರ್ ಗದ್ದೆಯ ಕೆಸರನ್ನು ರಸ್ತೆಗೆ ತರುತ್ತವೆ. ಮನೆ ಕಟ್ಟುವ ಕಡೆ ಟಿಪ್ಪರ್‌ನಿಂದ ಎಂ-ಸ್ಯಾಂಡ್, ಜಲ್ಲಿ ಚೆಲ್ಲಿರುತ್ತದೆ. ಬಯಲುಸೀಮೆ ಕಡೆ ಹೋದರೆ ಒಕ್ಕಣೆಗೆ ರಸ್ತೆ ಮೇಲೆ ಹರಡಿದ ರಾಗಿ, ಹುರುಳಿ ಸೊಪ್ಪು ಇರುತ್ತದೆ. ಮಳೆಯಲ್ಲಿ ರಸ್ತೆಗೆ ಬಳಿದ ಬಿಳಿ ಪಟ್ಟಿಯೂ ಜಾರುತ್ತದೆ.

ತಿರುವಿನಲ್ಲಿ ಮರಳು ಸಾಮಾನ್ಯವಾಗಿ ಸೇರುವುದು ಅಂಚಿನಲ್ಲಿ, ಚಕ್ರಗಳು ಓಡಾಡದ ಕಡೆ. ಕಾರು, ಬಸ್ಸಿನ ಚಕ್ರ ಓಡಿ ಸವೆದ ಜಾಡು ಇದ್ದುದರಲ್ಲಿ ಸ್ವಚ್ಛವಾಗಿರುತ್ತದೆ. ಎದುರು ವಾಹನ ನೋಡಿ ಗಾಬರಿಯಾಗಿ ಅಂಚಿಗೆ ಸರಿದವರು ಬೀಳುವುದಕ್ಕೆ ಇದೂ ಒಂದು ಕಾರಣ.

ಎಡ ತಿರುವು, ಬಲ ತಿರುವು ಎರಡೂ ಒಂದೇ ಅಲ್ಲ

ನಮ್ಮಲ್ಲಿ ಗಾಡಿ ಎಡಬದಿಯಲ್ಲಿ ಹೋಗಬೇಕು. ಎಡ ತಿರುವಿನಲ್ಲಿ ಸ್ಪೀಡು ಹೆಚ್ಚಾದರೆ ಗಾಡಿ ರಸ್ತೆ ಮಧ್ಯಕ್ಕೆ, ಅಂದರೆ ಎದುರು ವಾಹನದ ದಾರಿಗೆ ಹೋಗುತ್ತದೆ. ಬಲ ತಿರುವಿನಲ್ಲಿ ಸ್ಪೀಡು ಹೆಚ್ಚಾದರೆ ಎಡಗಡೆಯ ಮಣ್ಣಿನ ಅಂಚಿಗೋ ಚರಂಡಿಗೋ ಹೋಗುತ್ತದೆ. ಬಲ ತಿರುವಿನಲ್ಲಿ ಇನ್ನೊಂದು ಅಪಾಯ ಇದೆ. ಚಕ್ರಗಳು ನಮ್ಮ ಬದಿಯಲ್ಲೇ ಇದ್ದರೂ, ಗಾಡಿ ವಾಲಿದಾಗ ಸವಾರನ ತಲೆ ಮಧ್ಯದ ಗೆರೆ ದಾಟಿ ಆಚೆ ಇರುತ್ತದೆ. ಅದಕ್ಕೇ ಬಲ ತಿರುವಿನಲ್ಲಿ ಮಧ್ಯದ ಗೆರೆಗೆ ಅಂಟಿಕೊಂಡು ಹೋಗಬಾರದು.

ಎಡ ತಿರುವಿಗೆ ಸೇರಿದ ಇನ್ನೊಂದು ಸಣ್ಣ ಕಾರಣ ಸೈಡ್ ಸ್ಟ್ಯಾಂಡ್. ಎತ್ತುವುದು ಮರೆತರೆ ಎಡಕ್ಕೆ ವಾಲಿದ ಕೂಡಲೇ ಸ್ಟ್ಯಾಂಡ್ ನೆಲಕ್ಕೆ ತಾಗಿ ಗಾಡಿಯನ್ನು ಎತ್ತಿಹಾಕುತ್ತದೆ. ಹೊಸ ಗಾಡಿಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದರೆ ಎಂಜಿನ್ ಚಾಲೂ ಆಗದಂತೆ ಮಾಡಿರುವುದು ಇದಕ್ಕೇ. ಹಳೆಯ ಗಾಡಿಯವರು ಕಾಲಿನಿಂದ ಒಮ್ಮೆ ನೋಡಿಕೊಳ್ಳುವ ಅಭ್ಯಾಸ ಇಟ್ಟುಕೊಳ್ಳಬೇಕು.

ಸರಿಯಾಗಿ ತಿರುಗುವುದು ಹೇಗೆ?

ಮೊದಲನೆಯದು, ಗಾಡಿ ನೇರವಾಗಿರುವಾಗಲೇ, ತಿರುವಿಗೆ ಮುಂಚೆಯೇ ಸ್ಪೀಡು ಇಳಿಸಿ, ಗೇರು ಇಳಿಸಿ. ಕಣ್ಣಿಗೆ ಕಾಣುವ ರಸ್ತೆಯೊಳಗೆ ನಿಲ್ಲಿಸಲು ಆಗುವಷ್ಟು ಮಾತ್ರ ಸ್ಪೀಡು ಇರಲಿ. 40 ಕಿ.ಮೀ. ಸ್ಪೀಡಿನಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಎದುರಿಗೆ ಹಸು ನಿಂತಿದೆ ಅಂತ ತಲೆಗೆ ಹೊಳೆದು ಕೈ ಬ್ರೇಕಿಗೆ ಹೋಗುವುದರೊಳಗೆ ಅಷ್ಟು ದೂರ ಮುಗಿದಿರುತ್ತದೆ.

ಎರಡನೆಯದು, ತಿರುವಿನ ಒಳಗೆ ಆಕ್ಸಿಲರೇಟರ್ ಒಂದೇ ಹದದಲ್ಲಿರಲಿ. ಒಮ್ಮೆಲೇ ಬಿಡುವುದೂ ಬೇಡ, ತಿರುಚುವುದೂ ಬೇಡ. ಗಾಡಿ ನೆಟ್ಟಗಾದ ಮೇಲೆ ಸ್ಪೀಡು ಹೆಚ್ಚಿಸಿದರಾಯಿತು.

ಮೂರನೆಯದು, ಹೋಗಬೇಕಾದ ಕಡೆ ನೋಡಿ. ಗುಂಡಿ, ಕಲ್ಲು, ಮೈಲಿಗಲ್ಲು ಕಂಡರೆ ಭಯಕ್ಕೆ ಕಣ್ಣು ಅಲ್ಲೇ ನಿಲ್ಲುತ್ತದೆ. ಕಣ್ಣು ನಿಂತ ಕಡೆಗೇ ಗಾಡಿ ಹೋಗುತ್ತದೆ. ತಲೆ ತಿರುಗಿಸಿ ತಿರುವಿನ ಕೊನೆಯನ್ನು ನೋಡಿದರೆ ಕೈ ತಾನಾಗಿ ಆ ಕಡೆ ಗಾಡಿ ತಿರುಗಿಸುತ್ತದೆ.

ನಾಲ್ಕನೆಯದು ಕೇಳುವುದಕ್ಕೆ ವಿಚಿತ್ರ. ನಡೆದಾಡುವ ಸ್ಪೀಡಿಗಿಂತ ಹೆಚ್ಚು ಇರುವಾಗ ಬೈಕ್ ಎಡಕ್ಕೆ ವಾಲಬೇಕಾದರೆ ಎಡ ಹ್ಯಾಂಡಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಬೇಕು, ಬಲಕ್ಕಾದರೆ ಬಲ ಹ್ಯಾಂಡಲನ್ನು. ಬೈಕ್ ಓಡಿಸುವ ಎಲ್ಲರೂ ಗೊತ್ತಿಲ್ಲದೆಯೇ ಇದನ್ನು ಮಾಡುತ್ತಿರುತ್ತಾರೆ. ಗಾಬರಿಯಲ್ಲಿ ಕೈ ಬಿಗಿಯಾದಾಗ ಇದು ನಿಂತುಹೋಗುತ್ತದೆ, ಗಾಡಿ ತಿರುಗದೆ ನೇರ ಹೋಗುತ್ತದೆ. ತಿರುವಿನೊಳಗೆ ಸ್ಪೀಡು ಹೆಚ್ಚಾಯಿತು ಅನ್ನಿಸಿದಾಗ, ರಸ್ತೆ ಒಣಗಿದ್ದರೆ, ಇನ್ನೂ ಸ್ವಲ್ಪ ವಾಲಿಸುವುದು ಬ್ರೇಕ್ ಗಟ್ಟಿಯಾಗಿ ಹಿಡಿಯುವುದಕ್ಕಿಂತ ಹೆಚ್ಚಿನ ಸಲ ಸುರಕ್ಷಿತ. ಖಾಲಿ ಮೈದಾನದಲ್ಲಿ ನಿಧಾನ ಸ್ಪೀಡಿನಲ್ಲಿ ಅಭ್ಯಾಸ ಮಾಡಿಕೊಂಡರೆ ಕೈಗೆ ಕೂರುತ್ತದೆ.

"ಎಬಿಎಸ್ ಇದೆಯಲ್ಲ" ಎನ್ನುವವರಿಗೆ

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಹೊಸ ಬೈಕ್‌ಗಳಿಗೆ ಎಬಿಎಸ್, ಅದಕ್ಕಿಂತ ಸಣ್ಣ ಗಾಡಿಗಳಿಗೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಎಬಿಎಸ್ ಇದ್ದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗುವುದಿಲ್ಲ. ನೇರ ರಸ್ತೆಯಲ್ಲಿ ಇದರಿಂದ ಬಹಳ ಉಪಯೋಗ. ಆದರೆ ಸಾಮಾನ್ಯ ಎಬಿಎಸ್‌ಗೆ ಗಾಡಿ ಎಷ್ಟು ವಾಲಿದೆ ಎಂಬುದು ಗೊತ್ತಾಗುವುದಿಲ್ಲ. ಹಿಡಿತವೇ ಮುಗಿದಿದ್ದರೆ ಎಬಿಎಸ್ ಹೊಸ ಹಿಡಿತ ತಂದುಕೊಡುವುದಿಲ್ಲ. ಸಿಂಗಲ್ ಚಾನೆಲ್ ಆಗಿದ್ದರೆ ಅದು ಮುಂದಿನ ಚಕ್ರಕ್ಕೆ ಮಾತ್ರ. ಸಿಬಿಎಸ್ ಇರುವ ಸ್ಕೂಟರಿನಲ್ಲಿ ಹಿಂದಿನ ಬ್ರೇಕ್ ಹಿಡಿದರೂ ಮುಂದಿನ ಚಕ್ರಕ್ಕೆ ಸ್ವಲ್ಪ ಬ್ರೇಕ್ ಬೀಳುತ್ತದೆ ಎಂಬುದು ನೆನಪಿರಲಿ.

ಘಾಟಿ ಇಳಿಯುವಾಗ

ಆಗುಂಬೆ ಘಾಟಿಯಲ್ಲಿ ಸೋಮೇಶ್ವರದ ಕಡೆ ಇಳಿಯುವಾಗ 14 ಹೇರ್‌ಪಿನ್ ತಿರುವುಗಳಿವೆ. ಇಳಿಜಾರಿನಲ್ಲಿ ಭಾರ ಮುಂದಿನ ಚಕ್ರಕ್ಕೆ ಬೀಳುತ್ತದೆ, ಗಾಡಿ ತಾನಾಗಿ ಸ್ಪೀಡು ಹಿಡಿಯುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿಕೊಂಡು ಅಥವಾ ಎಂಜಿನ್ ಆಫ್ ಮಾಡಿಕೊಂಡು ಇಳಿಯುವ ಚಾಳಿ ಕೆಲವರಿಗಿದೆ. ಹಾಗೆ ಮಾಡಿದರೆ ಎಂಜಿನ್ ಕೊಡುವ ತಡೆ ಇಲ್ಲದೆ ಎಲ್ಲ ಹೊರೆ ಬ್ರೇಕಿನ ಮೇಲೆ ಬೀಳುತ್ತದೆ. ಒಂದೇ ಸಮನೆ ಹಿಡಿದ ಬ್ರೇಕ್ ಕಾದು ಕೈ ಕೊಡುತ್ತದೆ. ಹತ್ತುವಾಗ ಬೇಕಾಗುವ ಗೇರಿನಲ್ಲೇ ಇಳಿಯುವುದು ಹಳೆಯ ಚಾಲಕರ ಲೆಕ್ಕ, ಅದು ಇಂದಿಗೂ ಸರಿ. ಕಡಿದಾದ ರಸ್ತೆಯಲ್ಲಿ ಎರಡು ವಾಹನಕ್ಕೆ ಜಾಗ ಸಾಲದಿದ್ದರೆ ಮೇಲೇರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು. ಬಸ್ ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಗೆ ಸರಿದು ಬರುತ್ತದೆ. ಒಳಗಡೆ ಸಂದಿಯಲ್ಲಿ ಬೈಕ್ ತೂರಿಸುವುದು ಜೀವಕ್ಕೆ ಕುತ್ತು.

ಬಿದ್ದ ಮೇಲೆ ಏನು ಮಾಡಬೇಕು?

ಎದ್ದು ನಿಲ್ಲಲು ಆದರೆ ಮೊದಲು ರಸ್ತೆಯಿಂದ ಪಕ್ಕಕ್ಕೆ ಬನ್ನಿ. ಗಾಡಿಯ ಕೀ ಆಫ್ ಮಾಡಿ. ಹಿಂದಿನಿಂದ ಬರುವವರಿಗೆ ಯಾರಾದರೂ ಕೈ ತೋರಿಸಲಿ. ಏಳಲು ಆಗದವರನ್ನು, ಕುತ್ತಿಗೆ ಅಥವಾ ಬೆನ್ನು ನೋವು ಎನ್ನುವವರನ್ನು ಎಳೆದಾಡದೆ 108ಕ್ಕೆ ಕರೆ ಮಾಡಿ. ಗಾಯಾಳುಗೆ ಸಹಾಯ ಮಾಡಿದರೆ ಕೇಸು ಮೈಮೇಲೆ ಬರುತ್ತದೆ ಎಂಬ ಭಯ ಬೇಡ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

ತರಚು ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆಯಿರಿ. ಕಾಫಿ ಪುಡಿ, ಸುಣ್ಣ ಹಚ್ಚಬೇಡಿ. ಟಿಟಿ ಇಂಜೆಕ್ಷನ್ ಬೇಕೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಕೈ ಪೆಟ್ಟಾಗಿದ್ದರೆ ಬಾವು ಬರುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ನೋವು ಹೋಗದಿದ್ದರೆ ಎಕ್ಸ್‌ರೇ ಬೇಕು. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಹೇಳಿದ್ದನ್ನೇ ಹೇಳುವುದು, ಹ್ಯಾಂಡಲ್ ತಾಗಿದ ಹೊಟ್ಟೆಯಲ್ಲಿ ನೋವು ಇದ್ದರೆ ಬೆಳಗಾಗಲಿ ಎಂದು ಕಾಯಬಾರದು.

ಗಾಡಿ ಓಡಿಸುವ ಮೊದಲು ಹ್ಯಾಂಡಲ್ ನೇರ ಇದೆಯೇ, ಬ್ರೇಕ್ ಲಿವರ್ ಬಗ್ಗಿದೆಯೇ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂದಕ್ಕೆ ಬರುತ್ತದೆಯೇ, ಪೆಟ್ರೋಲ್ ಸೋರುತ್ತಿದೆಯೇ ನೋಡಿ. ಟೈರಿನ ಕಚ್ಚಿನ ನಡುವೆ ಸಣ್ಣ ಉಬ್ಬುಗಳಿರುತ್ತವೆ. ಕಚ್ಚು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಟೈರು ಬದಲಿಸುವ ಕಾಲ ಬಂದಿದೆ ಎಂದರ್ಥ. ತಲೆ ನೆಲಕ್ಕೆ ಬಡಿದಿದ್ದರೆ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು. ಒಳಗಿನ ಥರ್ಮೋಕೋಲ್ ಪದರ ಒಮ್ಮೆ ಅದುಮಿದರೆ ಮತ್ತೆ ಅದೇ ರಕ್ಷಣೆ ಕೊಡುವುದಿಲ್ಲ.

ಇನ್ಶೂರೆನ್ಸ್ ಕ್ಲೇಮ್ ಮಾಡಬೇಕಾ?

ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಸ್ವಂತ ಗಾಡಿಯ ರಿಪೇರಿಗೆ ದುಡ್ಡು ಬರುವುದಿಲ್ಲ. ಸ್ವಂತ ಹಾನಿಯ ಪಾಲಿಸಿ ಇದ್ದರೂ ಲೆಕ್ಕ ಹಾಕಿ ನೋಡಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 20ರಿಂದ ಶೇ 50ರವರೆಗೆ ಬೋನಸ್ ರಿಯಾಯಿತಿ ಸಿಗುತ್ತದೆ. ಒಂದು ಕ್ಲೇಮ್ ಮಾಡಿದರೆ ಅದು ಹೋಗುತ್ತದೆ. ಇಂಡಿಕೇಟರ್, ಮಿರರ್, ಲಿವರ್ ಅಷ್ಟೇ ಆದರೆ ಕೈಯಿಂದ ಹಾಕಿಸಿಕೊಳ್ಳುವುದೇ ಹಲವು ಸಲ ಲಾಭ. ಬೇರೆಯವರಿಗೆ ಪೆಟ್ಟಾಗಿದ್ದರೆ ಮಾತ್ರ "ಇಲ್ಲೇ ಮುಗಿಸೋಣ" ಎನ್ನದೆ ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸಲೇಬೇಕು.

ತಿರುವಿನ ಪಕ್ಕದ ಅಂಗಡಿಯವರಿಗೂ ಕೆಲಸ ಇದೆ

ಒಂದು ತಿರುವಿನಲ್ಲಿ ಯಾರು ಯಾರು ಬೀಳುತ್ತಾರೆ ಎಂದು ಹೆಚ್ಚು ಗೊತ್ತಿರುವುದು ಅಲ್ಲೇ ಹತ್ತಿರ ಅಂಗಡಿ ಇಟ್ಟವರಿಗೆ. ತಿರುವಿನ ಒಳಮೂಲೆಯಲ್ಲಿ ಬೋರ್ಡ್, ಬಾಳೆಗೊನೆ, ಗ್ರಾಹಕರ ಬೈಕ್ ನಿಂತಿದ್ದರೆ ಎದುರು ಬರುವವರು ಕಾಣುವುದಿಲ್ಲ. ಎರಡು ಮಾರು ಹಿಂದಕ್ಕೆ ಸರಿಸಿದರೆ ಖರ್ಚಿಲ್ಲದೆ ಒಂದು ಅಪಘಾತ ತಪ್ಪಬಹುದು. ಮರಳು, ಜಲ್ಲಿ ಇಳಿಸಿಕೊಂಡವರು ರಸ್ತೆ ಗುಡಿಸಿಕೊಡಬೇಕು.

ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಗಾಡಿ ಬೀಳುತ್ತಿದ್ದರೆ ಜಾಗ, ದಿನ, ಒದ್ದೆ ಇತ್ತೇ ಒಣಗಿತ್ತೇ, ಯಾವ ಕಡೆ ಜಾರಿತು ಎಂಬುದನ್ನು ಬರೆದಿಡಿ. ಫೋಟೋ ಸಮೇತ ಹಳ್ಳಿ ರಸ್ತೆಯಾದರೆ ಗ್ರಾಮ ಪಂಚಾಯಿತಿಗೆ, ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. "ರಸ್ತೆ ಸರಿ ಇಲ್ಲ" ಎಂಬ ಅರ್ಜಿಗಿಂತ "ಈ ಕಿಲೋಮೀಟರ್ ಕಲ್ಲಿನ ಹತ್ತಿರ, ಈ ತಿಂಗಳಲ್ಲಿ, ಇಷ್ಟು ಗಾಡಿ ಬಿದ್ದಿವೆ" ಎಂಬ ಅರ್ಜಿಯನ್ನು ತಳ್ಳಿಹಾಕುವುದು ಕಷ್ಟ. ಆ ಪಟ್ಟಿ ತಯಾರಾಗಬೇಕಾದರೆ ಬಿದ್ದವರು ನಾಚಿಕೆ ಬಿಟ್ಟು, ಎಲ್ಲಿ ಹೇಗೆ ಬಿದ್ದೆವು ಎಂದು ನಾಲ್ಕು ಜನಕ್ಕೆ ಹೇಳಬೇಕು.