ಮುಂಗಾರಿನ ಸಿಡಿಲೂ ಮನೆಯ ವಿದ್ಯುದುಪಕರಣಗಳೂ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುಚ್ಛಕ್ತಿಯು ಈಗ ರೈತರ ಅಡಿಗೆಮನೆಗಳನ್ನೂ ಹೊಕ್ಕಿರುವುದಷ್ಟೆ. ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ದೂರದ ತಂತಿಗೆ ಬಡಿದ ಸಿಡಿಲೂ ಕ್ಷಣಮಾತ್ರದಲ್ಲಿ ಸಾವಿರಾರು ವೋಲ್ಟುಗಳನ್ನು ಮನೆಯೊಳಕ್ಕೆ ತರಬಲ್ಲದು. ಈ ಹೊಡೆತವನ್ನು ನೆಲಕ್ಕಿಳಿಸುವುದಕ್ಕಾಗಿ ಮೈನ್ ಸ್ವಿಚ್ಚಿನ ಬಳಿ ಸರ್ಜ್ ರಕ್ಷಕವನ್ನು ಹಾಕಿಸತಕ್ಕದ್ದು. ಆದರೆ ನೆಲತಂತಿಯು ಕೆಟ್ಟಿದ್ದರೆ ಆ ಖರ್ಚೆಲ್ಲ ವ್ಯರ್ಥವೇ ಸರಿ. ಇದ್ದಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಗೆಯಲ್ಲಿ ನೀರು ಹೊಯ್ಯುತ್ತಿರಬೇಕು. ತೆಂಗಿನ ಸಸಿಗೆ ತಪ್ಪದೆ ನೀರೆರೆಯುವವರೂ ಇದನ್ನು ಮರೆಯುವರು!

ಸಿಡಿಲಿಲ್ಲದೆಯೂ ಕೇಡುಂಟು. ಕಂಬದ ನ್ಯೂಟ್ರಲ್ ತಂತಿಯು ಕಡಿದರೆ, 230 ವೋಲ್ಟು ಬರತಕ್ಕ ಮನೆಗೆ 400ರ ಸಮೀಪದವರೆಗೂ ಬರಬಹುದು. ಇದನ್ನು ಸರ್ಜ್ ರಕ್ಷಕವು ತಡೆಯಲಾರದು. ದೀಪಗಳು ಇದ್ದಕ್ಕಿದ್ದಂತೆ ವಿಪರೀತವಾಗಿ ಬೆಳಗಿದರೆ ಒಡನೆಯೇ ಮೈನ್ ಸ್ವಿಚ್ಚನ್ನು ಆರಿಸತಕ್ಕದ್ದು. ಪ್ಲಗ್ಗುಗಳನ್ನು ಮೋಡ ಕವಿಯುತ್ತಲೇ ಕಿತ್ತಿಡಬೇಕು. ಗುಡುಗು ಕೇಳಿಸಿದ ಬಳಿಕ ಅವುಗಳನ್ನು ಮುಟ್ಟಲಾಗದು.