ಬಹುಭಾಷಾ ಜಾಲತಾಣದ ಶಿರೋಭಾಗದಲ್ಲಿ ಭಾಷಾ ಆಯ್ಕೆಯ ಸ್ಥಾನ

ಹಸ್ತಪ್ರತಿಯೊಂದರ ಲಿಪಿಕಾರ, ಕಾಲ ಮೊದಲಾದ ವಿವರಗಳನ್ನು ಅರಸುವ ವಿದ್ವಾಂಸರು ಸಾಮಾನ್ಯವಾಗಿ ಗ್ರಂಥಾಂತ್ಯದ ಪುಷ್ಪಿಕೆಯತ್ತ ದೃಷ್ಟಿ ಹರಿಸುತ್ತಾರೆ. ಆ ಲಿಪಿಯೂ ಭಾಷೆಯೂ ಅವರಿಗೆ ಪರಿಚಿತವಾದುವು. ಬಹುಭಾಷಾ ಜಾಲತಾಣದ ಓದುಗನ ಸ್ಥಿತಿ ಇದಕ್ಕಿಂತ ಭಿನ್ನವಾದುದು. ತಾನರಿಯದ ಭಾಷೆಯ ಪುಟವು ಎದುರಾದಾಗ ಆತನು ಅದರ ಕೊನೆಯವರೆಗೆ ಸಾಗುವುದಿಲ್ಲ. ತನ್ನ ಭಾಷೆಯ ಪಾಠವು ಅದೇ ತಾಣದಲ್ಲಿದ್ದರೂ ಅದರ ದಾರಿ ಕಾಣದಿದ್ದಲ್ಲಿ, ಆತನ ಪಾಲಿಗೆ ಆ ಪಾಠವು ಇಲ್ಲದಂತೆಯೇ ಸರಿ. ಆದುದರಿಂದ ಭಾಷೆಯನ್ನು ಬದಲಿಸುವ ಸೌಕರ್ಯವು ಪುಟದ ಶಿರೋಭಾಗದಲ್ಲಿಯೇ ಇರಬೇಕಾದುದು ಅವಶ್ಯ.

ಶಿರೋಭಾಗದಲ್ಲಿ ಇದಕ್ಕೆ ರೂಢಿಯಿಂದ ಸಂದಿರುವ ಸ್ಥಾನವು ಸಾಲು ಮುಗಿಯುವ ಕಡೆಯ ಮೇಲ್ತುದಿ. ಎಡದಿಂದ ಬಲಕ್ಕೆ ಬರೆಯುವ ಕನ್ನಡ, ಹಿಂದಿ, ಇಂಗ್ಲಿಷ್ ಪುಟಗಳಲ್ಲಿ ಅದು ಬಲತುದಿ. ಬಲದಿಂದ ಎಡಕ್ಕೆ ಬರೆಯುವ ಅರಬ್ಬಿ, ಹೀಬ್ರೂ ಪುಟಗಳಲ್ಲಿ ಎಡತುದಿ. ಕೆನಡಾ ಸರ್ಕಾರದ ಜಾಲತಾಣದಲ್ಲಿ ಇಂಗ್ಲಿಷ್ ಪುಟದ ಬಲ ಮೇಲ್ತುದಿಯಲ್ಲಿ ಫ್ರೆಂಚ್ ಭಾಷೆಯ ಹೆಸರೂ, ಫ್ರೆಂಚ್ ಪುಟದಲ್ಲಿ ಇಂಗ್ಲಿಷಿನ ಹೆಸರೂ ಕಾಣುತ್ತವೆ. ಎರಡೇ ಭಾಷೆಗಳಿರುವಲ್ಲಿ ಪಟ್ಟಿಯ ಅಗತ್ಯವಿಲ್ಲ. ಇನ್ನೊಂದರ ಹೆಸರಿದ್ದರೆ ಸಾಕು.

ಭಾಷೆಗಳು ನೂರಾರಾದಾಗ ಸಮಸ್ಯೆ ಜಟಿಲವಾಗುತ್ತದೆ. ವಿಕಿಪೀಡಿಯದಲ್ಲಿ ಬಹುಕಾಲ ಭಾಷೆಗಳ ಪಟ್ಟಿಯು ಪಕ್ಕದ ಅಂಕಣದಲ್ಲಿ, ಇತರ ಕೊಂಡಿಗಳ ಕೆಳಗೆ ಇತ್ತು. 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಹೊಸ ವಿನ್ಯಾಸವು ಬಂದಾಗ ಅದು ಲೇಖನದ ಶೀರ್ಷಿಕೆಯ ಸಾಲಿಗೇರಿತು. ಅಲ್ಲಿನ ಗುಂಡಿಯು ಆ ಲೇಖನವು ಎಷ್ಟು ಭಾಷೆಗಳಲ್ಲಿದೆ ಎಂಬುದನ್ನು ಸೂಚಿಸುತ್ತದೆ. ಒತ್ತಿದೊಡನೆ ಹುಡುಕುವ ಸೌಲಭ್ಯದೊಂದಿಗೆ ಪಟ್ಟಿಯು ತೆರೆಯುತ್ತದೆ.

ಸ್ಥಾನದಷ್ಟೇ ಮುಖ್ಯವಾದುದು ಬರಹದ ರೂಪ. ಪ್ರತಿಯೊಂದು ಭಾಷೆಯ ಹೆಸರೂ ಅದರದೇ ನುಡಿ ಮತ್ತು ಲಿಪಿಯಲ್ಲಿರಬೇಕು. ಕನ್ನಡವೊಂದನ್ನೇ ಬಲ್ಲವನಿಗೆ ರೋಮನ್ ಅಕ್ಷರಗಳಲ್ಲಿ ಬರೆದ ಕನ್ನಡದ ಹೆಸರು ನಿಷ್ಪ್ರಯೋಜಕ. ರಾಷ್ಟ್ರಧ್ವಜಗಳನ್ನು ಭಾಷೆಗಳ ಸಂಕೇತವಾಗಿ ಬಳಸುವ ಪದ್ಧತಿಯೂ ಸಮಂಜಸವಲ್ಲ. ಸ್ವಿಟ್ಜರ್ಲೆಂಡಿನ ಒಂದೇ ಧ್ವಜದಡಿ ನಾಲ್ಕು ರಾಷ್ಟ್ರಭಾಷೆಗಳಿವೆ. ಇಂಗ್ಲಿಷಿಗಾದರೋ ಅನೇಕ ದೇಶಗಳು. ಲಿಪಿಯ ಒಂದು ಅಕ್ಷರವನ್ನಷ್ಟೇ ತೋರಿಸಿದರೂ ಸಂದೇಹವು ಉಳಿಯುತ್ತದೆ. ಏಕೆಂದರೆ ಹಿಂದಿ, ಮರಾಠಿ, ನೇಪಾಳಿ ಮೂರಕ್ಕೂ ದೇವನಾಗರಿಯೇ ಲಿಪಿ.

ಭಾಷೆ ಬೇರೆ, ಲಿಪಿ ಬೇರೆ ಎಂಬುದನ್ನು ಹಸ್ತಪ್ರತಿಗಳ ಅಭ್ಯಾಸಿಗಳಿಗೆ ವಿವರಿಸಬೇಕಾಗಿಲ್ಲ. ಮೂಡಬಿದಿರೆಯ ಧವಲಾ ತಾಡಪತ್ರಗಳಲ್ಲಿ ಭಾಷೆ ಸಂಸ್ಕೃತಮಿಶ್ರಿತ ಪ್ರಾಕೃತ, ಲಿಪಿ ಹಳಗನ್ನಡ. ಇಂತಹ ಗ್ರಂಥಗಳನ್ನು ಜಾಲತಾಣದಲ್ಲಿ ಒದಗಿಸುವಾಗ ಎರಡು ಆಯ್ಕೆಗಳನ್ನು ಬೇರ್ಪಡಿಸುವುದು ಉಚಿತ. ಪುಟದ ಸೂಚನೆಗಳ ಭಾಷೆಯನ್ನು ಬದಲಿಸುವ ಗುಂಡಿಯು ಶಿರೋಭಾಗದಲ್ಲಿರಲಿ. ಮೂಲಪಾಠವನ್ನು ಕನ್ನಡ ಅಥವಾ ನಾಗರಿ ಲಿಪಿಯಲ್ಲಿ ತೋರಿಸುವ ಆಯ್ಕೆಯು ಪಾಠದ ಪಕ್ಕದಲ್ಲಿರಲಿ. ಇವೆರಡೂ ಒಂದೇ ಪಟ್ಟಿಯಲ್ಲಿ ಬೆರೆತರೆ, ಲಿಪಿಯನ್ನು ಬದಲಿಸಲು ಹೊರಟವನು ಅನುವಾದವೊಂದು ದೊರೆತೀತೆಂದು ಭ್ರಮಿಸುವ ಸಂಭವವಿದೆ.

ಭಾಷೆಯನ್ನು ಬದಲಿಸಿದ ಓದುಗನು ಅದೇ ವಿಷಯದ ಪುಟವನ್ನೇ ತಲುಪಬೇಕು. ಮುಖಪುಟಕ್ಕೆ ಮರಳಿದರೆ ಹುಡುಕಾಟವು ಮತ್ತೆ ಮೊದಲಾಗುತ್ತದೆ. ಮೊಬೈಲಿನ ಕಿರಿಯ ಪರದೆಯಲ್ಲಿಯೂ ಈ ಗುಂಡಿಯನ್ನು ಮಡಿಸಿದ ಪಟ್ಟಿಯೊಳಗೆ ಅಡಗಿಸಬಾರದು. ಪಟ್ಟಿಯ ಹೆಸರನ್ನೇ ಓದಲಾರದವನು ಅದನ್ನು ತೆರೆಯುವುದಾದರೂ ಹೇಗೆ? ಅನುವಾದಕ್ಕೆ ವ್ಯಯಿಸಿದ ಶ್ರಮವು ಸಾರ್ಥಕವಾಗುವುದು ಅದು ಓದುಗನನ್ನು ಮುಟ್ಟಿದಾಗ ಮಾತ್ರ.